ಈರಣ್ಣ ಕಾಕಾ ಮತ್ತು ದಾರಿ ತೋರಿಸುವ ಡಬ್ಬಿ

ದಾರಿ ಕೇಳಿದವರಿಗೆ ಈರಣ್ಣ ಕಾಕಾ ಎಂದೂ ಕೈ ಮಾಡಿ ತೋರಿಸಿದವರಲ್ಲ. ಕೇಳಿದ ತಕ್ಷಣ ಚಪ್ಪಲಿ ಮೆಟ್ಟುತ್ತಿದ್ದರು. ಅಂಗಡಿಯ ಗಾದಿಯ ಮೇಲೆ ಕೂತಿರಲಿ, ಊಟದ ತಾಟಿನ ಮುಂದೆ ಕೂತಿರಲಿ, "ಬರ್ರಿ, ನಾನೂ ಅಕಡೇನ ಹೊಂಟೇನಿ" ಎಂದು ಎದ್ದೇ ಬಿಡುತ್ತಿದ್ದರು. ಅಕಡೆ ಅವರಿಗೆ ಯಾವ ಕೆಲಸವೂ ಇರುತ್ತಿರಲಿಲ್ಲ. ಅದಾದರೂ ಹೋಗಲಿ ಎನ್ನಬಹುದು. ಅಕಡೆ ಎಂದರೆ ಯಾವ ಕಡೆ ಎಂಬುದೂ ಎಷ್ಟೋ ಸಲ ಅವರಿಗೆ ಗೊತ್ತಿರುತ್ತಿರಲಿಲ್ಲ.

ಇದನ್ನು ಓದಿ ನಿಮಗೆ ನಗು ಬರಬಹುದು. ಆ ಮನುಷ್ಯನ ಜೊತೆ ಒಂದೇ ಮನೆಯಲ್ಲಿ ಬೆಳೆದಿದ್ದರೆ ಬರುತ್ತಿರಲಿಲ್ಲ. ಕಾಕಾ ನನ್ನ ಅಪ್ಪನ ತಮ್ಮ. ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಇದ್ದೆವು. ಅಣ್ಣತಮ್ಮಂದಿರದು ಅರಳೆಯ ವ್ಯಾಪಾರ. ಕಾಕಾ ಎತ್ತರದ ಆಳು, ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಧೋತರ, ತಲೆಯ ಮೇಲೆ ಬಿಳಿ ಟೊಪಿಗೆ. ನೋಡಿದವರಿಗೆ ಇವರಿಗೆ ಊರೆಲ್ಲ ಗೊತ್ತಿರಬೇಕು ಎನಿಸುತ್ತಿತ್ತು. ಹಾಗಾಗಿ ಬಜಾರಿನ ಅಷ್ಟು ಜನರಲ್ಲಿ ಪರಊರಿನವರು ಸೀದಾ ಇವರ ಬಳಿಗೇ ಬರುತ್ತಿದ್ದರು.

"ಗೊತ್ತಿಲ್ಲ" ಎನ್ನುವುದು ಕಾಕಾನ ಪಾಲಿಗೆ ಬಾಗಿಲಿಗೆ ಬಂದವರ ಮುಖದ ಮೇಲೆ ಕದ ಹಾಕಿದಂತೆ. ಆ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಕೇಳಿದವರನ್ನು ಕರೆದುಕೊಂಡು ಹೊರಟೇ ಬಿಡುವುದು, ಹೋಗುತ್ತ ಅವರ ಊರು, ಬೆಳೆ, ಬೀಗರು, ಮಗಳ ಮದುವೆ ಎಲ್ಲ ವಿಚಾರಿಸುವುದು, ಓಣಿ ಮುಗಿದು ಗೋಡೆ ಎದುರಾದಾಗ ಟೊಪಿಗೆ ಸರಿಮಾಡಿಕೊಂಡು "ನಡೀರಿ, ಮುಂದ ಯಾರನ್ನರ ಕೇಳೂಣಂತ" ಎನ್ನುವುದು. ಇಷ್ಟಾದರೂ ಒಬ್ಬರೂ ಅವರನ್ನು ಬೈದದ್ದು ನಾನು ಕಾಣೆ. ಅಷ್ಟು ಹೊತ್ತು ಸುತ್ತಾಡಿಸಿದ ಮನುಷ್ಯನಿಗೆ ಕೈ ಮುಗಿದು, ನಮ್ಮ ಊರಿಗೆ ಬರ್ರಿ ಎಂದು ಕರೆದು ಹೋಗುತ್ತಿದ್ದರು. ಇತ್ತ ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟು ಕೂತಿರುತ್ತಿದ್ದಳು. "ಎಲ್ಲಿ ಹೋಗ್ಯಾರ?" ಎಂದು ಯಾರಾದರೂ ಕೇಳಿದರೆ, "ಅವರಿಗೂ ಗೊತ್ತಿಲ್ಲ" ಎನ್ನುತ್ತಿದ್ದಳು.

ನಾನು ಪಿಯುಸಿ ಮುಗಿಸಿದ ವರ್ಷ, ತೊಂಬತ್ತರ ದಶಕದ ನಡುವಿನ ಮಾತು, ಧಾರವಾಡದ ಒಂದು ಕಾಲೇಜಿನಲ್ಲಿ ಮೆಡಿಕಲ್ ಪ್ರವೇಶ ಪರೀಕ್ಷೆ ಇತ್ತು. ಅಪ್ಪ ಊರಲ್ಲಿರಲಿಲ್ಲ. ಕಾಕಾ ನಾನು ಕರೆದುಕೊಂಡು ಹೋಗುತ್ತೇನೆ ಎಂದರು. ನಾನು ಬೇಡವೆಂದೆ, ಅವ್ವ ಬೇಡವೆಂದಳು, ಕಾಕು ಅಂತೂ "ಅವರನ್ನ ಕಳಸೂದಕಿಂತ ಹುಡುಗಿ ಒಬ್ಬಾಕೀನ ಹೋಗ್ಲಿ" ಎಂದು ಬಾಯಿ ಬಿಟ್ಟೇ ಹೇಳಿದಳು. ಯಾರ ಮಾತೂ ನಡೆಯಲಿಲ್ಲ. ಹೊತ್ತಿಗೆ ಸರಿಯಾಗಿ ಹೊರಟೆವು, ಬಸ್ಸೂ ಸರಿಯಾಗಿಯೇ ಮುಟ್ಟಿತು. ಧಾರವಾಡದಲ್ಲಿ ಇಳಿದು ಬಸ್ ನಿಲ್ದಾಣ ದಾಟಿರಲಿಲ್ಲ, ಹಳ್ಳಿಯ ಗಂಡ ಹೆಂಡತಿ, ತಾಯಿಯ ತೋಳಲ್ಲಿ ಜ್ವರದ ಕೂಸು, ಎದುರಿಗೆ ಬಂದು ಸರಕಾರಿ ದವಾಖಾನೆ ಎಲ್ಲಿ ಎಂದು ಕೇಳಿದರು.

"ಬರ್ರಿ, ನಾವೂ ಅಕಡೇನ ಹೊಂಟೇವಿ," ಎಂದರು ಕಾಕಾ.

"ಕಾಕಾ, ನಾವು ಅಕಡೆ ಹೊಂಟಿಲ್ರಿ. ನನ್ನ ಪರೀಕ್ಷಾ ಐತಿ."

"ಪರೀಕ್ಷಾ ಎಲ್ಲಿ ಓಡಿ ಹೋಗ್ತೈತಿ? ಕೂಸಿನ ಮೈ ಸುಡಾಕತ್ತೈತಿ ನೋಡು."

ಕೂಸಿನ ಮೈ ಸುಡುತ್ತಿದ್ದುದು ಹೌದು. ನನ್ನ ಮೈಯೂ ಸುಡುತ್ತಿತ್ತು, ಬೇರೆ ಕಾರಣಕ್ಕೆ. ದವಾಖಾನೆ ಯಾವ ದಿಕ್ಕಿಗಿದೆ ಎಂಬುದು ಕಾಕಾನಿಗೆ ತಿಳಿದಿರಲಿಲ್ಲ ಎಂಬುದು ಮೂರನೆಯ ಓಣಿಯಲ್ಲಿ ಬಯಲಾಯಿತು. ಮುಂದೆ ಯಾರನ್ನಾದರೂ ಕೇಳೋಣ ಎಂದರು, ಕೇಳಿದರು, ಕೇಳಿದವನೂ ಇವರಂಥವನೇ ಇರಬೇಕು, ಅವನೂ ಜೊತೆಗೆ ಹೊರಟ. ಆ ಮೆರವಣಿಗೆ ಮುಗಿಸಿ ನಾನು ಪರೀಕ್ಷೆಯ ಕೋಣೆ ಮುಟ್ಟಿದಾಗ ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಬಾಗಿಲಲ್ಲಿದ್ದ ಮೇಷ್ಟ್ರಿಗೆ ಕಾಕಾ ಕೂಸಿನ ಕಥೆ ಹೇಳಿ ನನ್ನನ್ನು ಒಳಗೆ ಬಿಡಿಸಿದರು. ಆ ಉಪಕಾರ ಬೇರೆ.

ಡಾಕ್ಟರಾಗುವ ನನ್ನ ಆಸೆ ಅಂದು ಧಾರವಾಡದ ಓಣಿಯಲ್ಲಿ ಕಳೆದುಹೋಯಿತು ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ. ನಿಜ ಹೇಳಬೇಕೆಂದರೆ ಪೂರ್ತಿ ಹೊತ್ತು ಸಿಕ್ಕಿದ್ದರೂ ನನ್ನ ಜೀವಶಾಸ್ತ್ರ ಅಷ್ಟಕ್ಕಷ್ಟೇ ಇತ್ತು. ಆದರೆ ಸಿಟ್ಟಿಗೆ ಒಬ್ಬ ಮನುಷ್ಯ ಬೇಕಲ್ಲ. ಬಸ್ಸಿನಲ್ಲಿ ಮರಳುವಾಗ ಕಾಕಾ ಕಿಟಕಿಯಿಂದ ನನ್ನ ಕಡೆ ತಿರುಗಿದರು. ಪರೀಕ್ಷೆ ಹೇಗಾಯಿತು ಎಂದು ಈಗ ಕೇಳುತ್ತಾರೆ ಎಂದುಕೊಂಡೆ. "ಆ ಕೂಸಿಗೆ ಏನಾತೋ ಏನೋ" ಎಂದರು.

ಮುಂದೆ ನಾನು ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಕೆಲಸಕ್ಕೆ ಸೇರಿದೆ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಜನರನ್ನು ಕರೆದುಕೊಂಡು ಹೋಗಿ ದಾರಿ ತೋರಿಸುವ ಒಂದು ಯಂತ್ರ ಮಾಡಲು ಹೊರಟೆ. ಯಾಕೆ ಎಂದು ಕೇಳಿದವರಿಗೆಲ್ಲ ದೊಡ್ಡ ದೊಡ್ಡ ಕಾರಣ ಹೇಳಿದೆ. ನಿಜವಾದ ಕಾರಣ ಕಾಕಾ. ಗೊತ್ತಿರುವ ದಾರಿಯಲ್ಲಷ್ಟೇ ಹೋಗುವ, ನಡುವೆ ನಿಂತು ಯಾರ ಬೀಗರನ್ನೂ ವಿಚಾರಿಸದ, ಮುಟ್ಟಿಸಿ ಸುಮ್ಮನೆ ಮರಳಿ ಬರುವ ಒಂದು ವಸ್ತು ಈ ಊರಿನಲ್ಲಿ ಇರಲೇಬೇಕು ಎಂಬುದು ನನ್ನ ಹಟವಾಗಿತ್ತು.

ಯಂತ್ರ ಸೊಂಟದೆತ್ತರ ಇತ್ತು. ಒಳಗೆ ಗುಜರಿಯಿಂದ ತಂದ ಕಾರಿನ ವೈಪರ್ ಮೋಟಾರು, ಒಂದು ಬ್ಯಾಟರಿ, ಕೆಳಗೆ ನಾಲ್ಕು ಗಾಲಿ. ನೆಲದ ಮೇಲೆ ಅಂಟಿಸಿದ ಕಪ್ಪು ಪಟ್ಟಿಯನ್ನು ಗುರುತಿಸುತ್ತ ಸಾಗುತ್ತಿತ್ತು. ಮೇಲೆ ಹಲ್ಲು, ಕಣ್ಣು, ಎಲುಬಿನ ಚಿತ್ರವಿದ್ದ ಗುಂಡಿಗಳು. ಯಾವುದನ್ನು ಒತ್ತಿದರೆ ಆ ವಿಭಾಗಕ್ಕೆ ಕರೆದೊಯ್ಯಬೇಕು. ಮುದ್ರಿಸಿಟ್ಟ ದನಿಯಲ್ಲಿ ಮಾತೂ ಆಡುತ್ತಿತ್ತು. ಕಾಲೇಜಿನ ಕಾಗದಪತ್ರಗಳಲ್ಲಿ ಅದರ ಹೆಸರು ಸ್ವಯಂಚಾಲಿತ ಮಾರ್ಗದರ್ಶಿ. ಕಾಕಾ ಅದನ್ನು ಮೊದಲ ದಿನವೇ ಡಬ್ಬಿ ಎಂದು ಕರೆದರು. ಆಮೇಲೆ ನನ್ನ ವಿದ್ಯಾರ್ಥಿಗಳೂ ಡಬ್ಬಿ ಎಂದೇ ಅಂದರು, ಕೊನೆಗೆ ನಾನೂ.

ಅದನ್ನು ಇಟ್ಟು ನೋಡಲು ದೇಶಪಾಂಡೆ ನಗರದ ಕಡೆಯ ಒಂದು ಧರ್ಮಾರ್ಥ ಆಸ್ಪತ್ರೆ ಒಪ್ಪಿತು. ಒಪ್ಪಿದ್ದಕ್ಕೂ ಕಾಕಾನೇ ಕಾರಣ. ಕಾಕು ಇದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಆಮೇಲೆ ಕಾಕಾ ವ್ಯಾಪಾರ ಬಿಟ್ಟರು. ಮನೆಯಿಂದ ಒಂದು ಕಟ್ಟಿಗೆಯ ಖುರ್ಚಿ ಒಯ್ದು ಆಸ್ಪತ್ರೆಯ ಬಾಗಿಲಲ್ಲಿ ಹಾಕಿಕೊಂಡು, ಬಂದವರನ್ನು ಬೇಕಾದ ವಿಭಾಗಕ್ಕೆ ಕರೆದೊಯ್ಯುವ ಕೆಲಸವನ್ನು ತಾವೇ ಮೈಮೇಲೆ ಎಳೆದುಕೊಂಡರು. ಯಾರೂ ಹೇಳಿದ್ದಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಆದರೆ ಆಸ್ಪತ್ರೆ ಬೆಳೆಯಿತು, ಹಳೆಯ ಕಟ್ಟಡಕ್ಕೆ ಹೊಸ ಕಟ್ಟಡ ಅಂಟಿಕೊಂಡಿತು, ಪಡಸಾಲೆಗಳು ಹೆಚ್ಚಾದವು. ಕಾಕಾ ಎಂದಿನಂತೆ ಕಣ್ಣಿನವರನ್ನು ಎಲುಬಿನ ಕಡೆಗೆ, ಎಲುಬಿನವರನ್ನು ಅಡುಗೆಮನೆಯ ಕಡೆಗೆ ಒಯ್ಯತೊಡಗಿದರು. ಒಮ್ಮೆ ಹಲ್ಲುನೋವಿನ ಮನುಷ್ಯನೊಬ್ಬನನ್ನು ಹೆರಿಗೆ ವಾರ್ಡಿಗೆ ಕರೆದೊಯ್ದು, ಅಲ್ಲಿ ಗಂಡು ಹುಟ್ಟಿದ ಸಂತೋಷಕ್ಕೆ ಹಂಚುತ್ತಿದ್ದ ಪೇಢೆಯನ್ನು ತಾವೂ ತಿಂದು ಅವನಿಗೂ ತಿನ್ನಿಸಿದ್ದರು.

ಆಸ್ಪತ್ರೆಯ ಮುಖ್ಯ ಡಾಕ್ಟರು ನನ್ನನ್ನು ಕರೆಸಿದರು. "ಮೇಡಂ, ನಿಮ್ಮ ಕಾಕಾರಿಗೆ ಬ್ಯಾಡಂತ ಹೇಳೂದು ನನ್ನ ಕೈಲೆ ಆಗೂದಿಲ್ರಿ. ನಿಮ್ಮ ಯಂತ್ರ ತರ್ರಿ. ದವಾಖಾನಿ ಕಮಿಟಿಯವರ ಮುಂದ ಅದು ಛಲೋ ನಡೀತಂದ್ರ ಅದನ್ನ ಇಟಗೋತೇವಿ, ಅವರ ಖುರ್ಚಿ ತಗೀತೇವಿ. ವಯಸ್ಸಾಗೇತಿ, ಮನ್ಯಾಗ ಆರಾಮ ಇರ್ಲಿ."

ನಾನು ಕೂಡಲೇ ಒಪ್ಪಿದೆ. ನನಗೂ ಅದೇ ಬೇಕಾಗಿತ್ತು. ಅಂದೇ ಸಂಜೆ ಊಟಕ್ಕೆ ಕೂತಾಗ ಕಾಕಾನಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು.

"ಡಬ್ಬಿ ಎಷ್ಟ ಎತ್ತರ ಐತಿ?" ಎಂದರು.

"ಸೊಂಟದ ಮಟ ಐತ್ರಿ."

"ಮುದುಕರಿಗೆ ಕಾಣಂಗ ಇರ್ಲಿ. ಮತ್ತ ಖುರ್ಚಿ ನಮ್ಮ ಮನೀದು, ನಾನ ಹೊಳ್ಳಿ ತರ್ತೇನಿ. ಅವರು ಯಾಕ ತಗೀಬೇಕು?" ಎಂದರು. ಇಷ್ಟು ಹೇಳಿ ಮಜ್ಜಿಗೆ ಕುಡಿಯದೆ ಎದ್ದರು. ದಾರಿ ಕೇಳುವವರು ಬಾರದೆ ಅವರು ಮಜ್ಜಿಗೆ ಬಿಟ್ಟು ಎದ್ದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮರುದಿನದಿಂದ ಡಬ್ಬಿಗೆ ಪಾಠ ಕಲಿಸಲು ನನ್ನ ಜೊತೆ ನಿಂತರು. ಬೇಡವೆಂದರೂ ನಿಂತರು. ಮೊದಲ ತಕರಾರು ಡಬ್ಬಿಯ ಮಾತಿನ ಮೇಲೆ. "ದಯವಿಟ್ಟು ನನ್ನನ್ನು ಹಿಂಬಾಲಿಸಿ" ಎಂದು ಅದರಲ್ಲಿ ನನ್ನ ವಿದ್ಯಾರ್ಥಿನಿಯ ದನಿ ಇಟ್ಟಿದ್ದೆ. "ಹಿಂಬಾಲಿಸಿ ಅಂದ್ರ ಯಾರಿಗೆ ತಿಳೀತೈತಿ? ಬರ್ರಿ ಅನಸು, ಸಾಕು" ಎಂದರು. ಅದನ್ನು ತಿದ್ದಿದೆ. ಮುಟ್ಟಿಸಿದ ಮೇಲೆ "ಧನ್ಯವಾದಗಳು, ಮತ್ತೆ ಬನ್ನಿ" ಎನ್ನುತ್ತಿತ್ತು. ಕುಂದಗೋಳದ ಕಡೆಯ ಒಬ್ಬ ಮುದುಕಿ ಅದನ್ನು ಕೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. "ದವಾಖಾನಿಗೆ ಮತ್ತ ಬಾ ಅಂತೈತಲ್ಲ, ಇದರ ಬಾಯಾಗ ಮಣ್ಣ ಹಾಕ" ಎಂದು ಡಬ್ಬಿಗೆ ಮಂಗಳಾರತಿ ಎತ್ತಿದಳು. ಅದನ್ನೂ ತೆಗೆದೆ.

ಇವೆಲ್ಲ ಸಣ್ಣವು. ನನ್ನ ತಲೆ ತಿಂದದ್ದು ನಡಿಗೆ. ಮೊದಲು ಡಬ್ಬಿ ಹಿಂದೆ ಮುಂದೆ ನೋಡದೆ ಒಂದೇ ವೇಗದಲ್ಲಿ ಹೋಗಿಬಿಡುತ್ತಿತ್ತು. ಕಾಲುನೋವಿನವರು ಅರ್ಧ ದಾರಿಯಲ್ಲೇ ಉಳಿಯುತ್ತಿದ್ದರು, ಡಬ್ಬಿ ಎಲುಬಿನ ವಿಭಾಗಕ್ಕೆ ಒಂಟಿಯಾಗಿ ಮುಟ್ಟುತ್ತಿತ್ತು. ಅದರ ಬೆನ್ನಿಗೂ ಒಂದು ಕಣ್ಣು ಕೂರಿಸಿದೆ. ಎರಡು ಮಾರು ಹಿಂದೆ ಮನುಷ್ಯರಿದ್ದರೆ ನಡೆಯಬೇಕು, ಇಲ್ಲದಿದ್ದರೆ ನಿಂತು "ಬರ್ರಿ" ಎನ್ನಬೇಕು. ಇದರಿಂದ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ನಮ್ಮ ಜನ ಮರ್ಯಾದೆಯವರು ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ಗುಂಡಿ ಒತ್ತುತ್ತಿದ್ದರು. ಡಬ್ಬಿ ಹೊರಡುತ್ತಿತ್ತು. ಅವರು ಡಾಕ್ಟರ ಹಿಂದೆ ಹೋಗುವ ಹಾಗೆ ದೂರ ಬಿಟ್ಟು ಹೊರಡುತ್ತಿದ್ದರು. ಹಿಂದೆ ಯಾರೂ ಕಾಣಲಿಲ್ಲವೆಂದು ಡಬ್ಬಿ ನಿಲ್ಲುತ್ತಿತ್ತು. ಡಬ್ಬಿ ನಿಂತಿತೆಂದು ಅವರೂ ನಿಲ್ಲುತ್ತಿದ್ದರು. "ಬರ್ರಿ" ಎಂದರೆ "ನೀವ ನಡೀರಿ ಮುಂದ" ಎಂದು ಕೈ ಮುಂದೆ ಮಾಡುತ್ತಿದ್ದರು. ಡಬ್ಬಿ ಮತ್ತೆ ಬರ್ರಿ ಎನ್ನುತ್ತಿತ್ತು, ಅವರು ಮತ್ತೆ ನೀವ ನಡೀರಿ ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಯಾರು ಕೂರಬೇಕು ಎಂದು ಬೀಗರು ಬೀಗರು ನಿಲ್ಲುತ್ತಾರಲ್ಲ, ಅಂಥದೇ ಪ್ರಸಂಗ ದಿನವೂ ಆ ಪಡಸಾಲೆಯಲ್ಲಿ. ಡಬ್ಬಿಯ ನೋಟವನ್ನು ದೂರಕ್ಕೆ ಹಿಗ್ಗಿಸಿದರೆ ಅದು ಕಂಬವನ್ನೂ ಕಸ ಗುಡಿಸುವವಳನ್ನೂ ಹಿಂದೆ ಬರುವವರ ಲೆಕ್ಕಕ್ಕೆ ಹಿಡಿದು ಹೊರಟುಬಿಡುತ್ತಿತ್ತು. ನನಗೆ ಅಳು ಬರುವುದೊಂದು ಬಾಕಿ.

ಒಂದು ದಿನ ಕಾಕಾ ತಾವೇ ಎದ್ದು ಡಬ್ಬಿಯ ಬೆನ್ನಿಗೆ ನಿಂತರು. "ಬರ್ರಿ, ಇದು ನಮ್ಮ ಹುಡುಗಿ ಮಾಡಿದ್ದು, ಇದಕ್ಕ ದಾರಿ ಗೊತ್ತೈತಿ" ಎನ್ನುತ್ತ ಅದರ ಹಿಂದೆ ನಡೆದರು. ಡಬ್ಬಿ ಕಾಕಾನನ್ನು ಕಂಡು ನಡೆಯಿತು, ಜನ ಕಾಕಾನ ಹಿಂದೆ ನಡೆದರು. ಮಾತು ಆಡುತ್ತ, ನಗುತ್ತ, ಸರಿಯಾದ ವಿಭಾಗಕ್ಕೆ ಮುಟ್ಟಿದರು. ಅಂದಿನಿಂದ ಅದೇ ರೂಢಿಯಾಯಿತು. ಕಾಕಾ ದಾರಿ ತಪ್ಪುವುದು ನಿಂತಿತು, ಡಬ್ಬಿ ಒಂಟಿಯಾಗುವುದು ನಿಂತಿತು. ಮುಖ್ಯ ಡಾಕ್ಟರಿಗೆ ಎಲ್ಲಿಲ್ಲದ ಖುಷಿ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಯಾವ ಮನುಷ್ಯನ ಬದಲಿಗೆ ಯಂತ್ರ ಮಾಡಿದ್ದೆನೋ, ಆ ಯಂತ್ರ ನಡೆಯಲು ಆ ಮನುಷ್ಯನೇ ಬೇಕು.

ಕಮಿಟಿಯವರು ಬರುವ ಹಿಂದಿನ ದಿನ ಕಾಕಾನ ಮುಂದೆ ಕೂತು ಕೇಳಿಕೊಂಡೆ. "ಕಾಕಾ, ನಿಮ್ಮ ಕಾಲ ಬೀಳತೇನಿ. ನಾಳೆ ಒಂದ ದಿನ ಮನ್ಯಾಗ ಇರ್ರಿ. ಡಬ್ಬಿ ತಾನ ನಡೀಬೇಕು."

"ಇರ್ತೇನಿ ತಗೋ. ನನಗೇನು ಅಲ್ಲಿ ಕೆಲಸ?" ಎಂದರು.

ಮರುದಿನ ಕಮಿಟಿಯ ಹಿರಿಯರು, ಕಾಳಿನ ದೊಡ್ಡ ವ್ಯಾಪಾರಿ, ತಾವೇ ರೋಗಿಯಾಗುತ್ತೇನೆ ಎಂದು ಎಲುಬಿನ ಗುಂಡಿ ಒತ್ತಿದರು. ಹಿಂದೆ ಕಮಿಟಿಯ ಉಳಿದವರು, ಅವರ ಹಿಂದೆ ಡಾಕ್ಟರು. ಡಬ್ಬಿ "ಬರ್ರಿ" ಎಂದು ಹೊರಟಿತು. ಹಿರಿಯರು ಗಂಭೀರವಾಗಿ, ದೂರ ಬಿಟ್ಟು ಹೊರಟರು. ಡಬ್ಬಿ ನಿಂತಿತು. ಹಿರಿಯರು ನಿಂತರು. ಅವರನ್ನು ದಾಟಬಾರದೆಂದು ಉಳಿದವರೂ ನಿಂತರು. "ಬರ್ರಿ" ಎಂದಿತು ಡಬ್ಬಿ. "ನಡೀಲಿ" ಎಂದರು ಹಿರಿಯರು. ಸಮೀಪ ಹೋಗಿ ಎಂದು ನಾನು ಬಾಯಿ ತೆಗೆಯುವುದರೊಳಗೆ ಕಂಬದ ಹಿಂದಿನಿಂದ ಬಿಳಿ ಟೊಪಿಗೆ ಕಂಡಿತು.

"ನಾ ಬಂದಿಲ್ಲ ಗಿರಿಜವ್ವಾ," ಎಂದರು ಕಾಕಾ ನನ್ನ ಮುಖ ನೋಡಿ. "ಹಿಂಗ ಹಾಯ್ದು ಹೊಂಟಿದ್ದೆ."

ಗೋಪನಕೊಪ್ಪದಿಂದ ದೇಶಪಾಂಡೆ ನಗರದ ಆಸ್ಪತ್ರೆಯ ಕಂಬದ ಹಿಂದಕ್ಕೆ ಹಾಯ್ದು ಹೊರಟಿದ್ದರಂತೆ. ನಾನು ಏನೂ ಅನ್ನುವ ಮೊದಲೇ ಡಬ್ಬಿಯ ಬೆನ್ನಿಗೆ ಹೋಗಿ ನಿಂತು, "ಬರ್ರಿ ಸಾಹುಕಾರ್ರ, ಇದು ಭಾಳ ಮರ್ಯಾದಿದು, ಸಮೀಪ ಬರ್ರಿ" ಎಂದರು. ಡಬ್ಬಿ ನಡೆಯಿತು, ಎಲ್ಲರೂ ನಡೆದರು. ಹಿರಿಯರು ಅರಳೆಯ ಧಾರಣೆ ಕೇಳಿದರು, ಕಾಕಾ ಅವರ ಮೊಮ್ಮಗನ ಆರೋಗ್ಯ ಕೇಳಿದರು. ಹೀಗೆ ಮಾತಿಗೆ ಮಾತು ಬೆಳೆದು, ಪಡಸಾಲೆ ಎರಡಾಗಿ ಒಡೆಯುವಲ್ಲಿ ಡಬ್ಬಿ ತನ್ನ ಪಟ್ಟಿ ಹಿಡಿದು ಬಲಕ್ಕೆ ತಿರುಗಿತು. ಕಾಕಾ ಮಾತಾಡುತ್ತ ಎಡಕ್ಕೆ ತಿರುಗಿದರು. ಇಡೀ ಕಮಿಟಿ ಕಾಕಾನ ಹಿಂದೆ ಎಡಕ್ಕೆ ಹೋಯಿತು. ನಾನು ನಡುವೆ ನಿಂತೆ. ಒಂದು ಕಡೆ ಖಾಲಿ ಪಡಸಾಲೆಯಲ್ಲಿ ಡಬ್ಬಿ ಬರ್ರಿ, ಬರ್ರಿ ಎಂದು ಕರೆಯುತ್ತಿತ್ತು. ಇನ್ನೊಂದು ಕಡೆಯಿಂದ, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಬಾಗಿಲಿನಿಂದ, "ಮುಂದ ಯಾರನ್ನರ ಕೇಳೂಣಂತ" ಎಂಬ ದನಿ ಕೇಳುತ್ತಿತ್ತು.

ಹಿರಿಯರು ಒದ್ದೆ ಚಾದರಗಳ ನಡುವೆ ನಿಂತೇ ತೀರ್ಮಾನ ಹೇಳಿದರು. "ಡಬ್ಬಿ ಸರಿ ಹೋಗ್ತೈತಿ, ಅದರ ಹಿಂದ ಯಾರೂ ಹೋಗಂಗಿಲ್ಲ. ಈರಣ್ಣ ತಪ್ಪ ಹೋಗ್ತಾನ, ಅವನ ಹಿಂದ ನಾನೂ ಬಂದೆ. ಡಬ್ಬಿ ಕಾಲೇಜಿಗೆ ಒಯ್ರಿ. ಗ್ವಾಡಿಗೆ ಬಾಣದ ಗುರ್ತು ಬರಸೂಣು. ಈರಣ್ಣಾ, ನಿನ್ನ ಖುರ್ಚಿ ಇರ್ಲಿ. ಆದ್ರ ಒಂದ ಮಾತು. ಗೊತ್ತಿಲ್ಲದಿದ್ರ ಗೊತ್ತಿಲ್ಲ ಅನಬೇಕು."

ಖುರ್ಚಿ ತೆಗೆಸಲು ಹೊರಟವಳು ನಾನೇ ಆದರೂ, ನನ್ನ ಡಬ್ಬಿ ಹೋದರೂ ಕಾಕಾನ ಖುರ್ಚಿ ಉಳಿಯಿತಲ್ಲ ಎನಿಸಿತು. ಕಾಕಾ ಟೊಪಿಗೆ ಸರಿಮಾಡಿಕೊಂಡರು.

"ಹಂಗಾದ್ರ ಖುರ್ಚಿ ಬ್ಯಾಡ್ರಿ," ಎಂದರು.

ಸ್ಕೂಟರಿನ ಹಿಂದೆ ಅವರನ್ನು ಕೂರಿಸಿಕೊಂಡು, ಅವರ ತೊಡೆಯ ಮೇಲೆ ಆ ಖುರ್ಚಿಯನ್ನು ಇರಿಸಿಕೊಂಡು ಮನೆಗೆ ಬರುವಾಗ ದಾರಿಯುದ್ದಕ್ಕೂ ಬೈದೆ. "ಗೊತ್ತಿಲ್ಲ ಅನ್ನಾಕ ಏನ್ ಧಾಡಿ ಆಗೇತ್ರಿ ನಿಮಗ? ಒಂದ ಮಾತು. ಅಷ್ಟ ಅಂದಿದ್ರ ಆಗಿತ್ತು."

ಮನೆಯ ಓಣಿಗೆ ತಿರುಗುವಾಗ ಹಿಂದಿನಿಂದ ಹೇಳಿದರು. "ನಿಮ್ಮ ಕಾಕೂನ ಕರಕೊಂಡು ಹೋದ ದಿನ ಯಾವ ವಾರ್ಡಂತ ತಿಳೀವಲ್ದು. ಕೇಳಿದವರೆಲ್ಲ ಒಂದೊಂದ ಕಡೆ ಕೈ ಮಾಡಿದ್ರು. ಒಬ್ಬರು ಗೊತ್ತಿಲ್ಲ ಅಂದ್ರು. ಎಲ್ಲಾರೂ ಛಲೋ ಮಂದೀನ. ಬರ್ರಿ ಅಂದವರು ಯಾರೂ ಇಲ್ಲ. ಆಕಿನ್ನ ಹಿಡಕೊಂಡು ನಾ ಒಬ್ಬನ ತಿರುಗಿದೆ."

ನನ್ನ ಬೈಗುಳ ಅಲ್ಲಿಗೆ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಯಾಕೆಂದರೆ ಮರುದಿನವೇ ಆ ಮನುಷ್ಯ ಖುರ್ಚಿ ಇಲ್ಲದೆ ಹೋಗಿ ಆಸ್ಪತ್ರೆಯ ಕಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ನಿಂತರು. ರಸ್ತೆ ಯಾರಪ್ಪನದೂ ಅಲ್ಲ, ಯಾರೂ ಏನೂ ಅನ್ನುವಂತಿರಲಿಲ್ಲ. ಬಿಸಿಲಿನಲ್ಲಿ ನಿಂತು ಕಾಲು ಬಾತುಕೊಂಡು ಮನೆಗೆ ಬರುತ್ತಿದ್ದರು. ನಾನು ಬಿಸಿನೀರು ಕಾಯಿಸಿ ಕೊಡುತ್ತ ಬೈಯುತ್ತಿದ್ದೆ. ಅವರು ಕಾಲು ನೀರಿಗಿಟ್ಟುಕೊಂಡು ಅಂದು ಬಂದವರ ಊರು ಕೇರಿ ಹೇಳುತ್ತಿದ್ದರು. ಹೀಗೆ ಕೆಲವು ವರ್ಷ ನಡೆಯಿತು. ಡಬ್ಬಿ ನಮ್ಮ ಪ್ರಯೋಗಾಲಯದ ಮೂಲೆ ಸೇರಿತು.

ಆಮೇಲೆ ಕಾಕಾನ ಹೊಟ್ಟೆಯಲ್ಲಿ ಗಡ್ಡೆ ಎಂದರು, ಕೊಯ್ಯಬೇಕು ಎಂದರು. ಅದೇ ಆಸ್ಪತ್ರೆ. ಅಲ್ಲಿಂದ ಅವರು ಮನೆಗೆ ಮರಳಲಿಲ್ಲ. ಆಪರೇಷನ್ನಿನ ದಿನ ಬೆಳಿಗ್ಗೆ ಗಾಲಿಕುರ್ಚಿ ತಂದರೆ ಕೂರಲು ಒಪ್ಪಲಿಲ್ಲ, ನಡೆದೇ ಬರುತ್ತೇನೆ ಎಂದರು. ನರ್ಸ್ ಜೊತೆಗೆ, ನಾನು ಪಕ್ಕಕ್ಕೆ. ಪಡಸಾಲೆ ಎರಡಾಗಿ ಒಡೆಯುವ ಜಾಗಕ್ಕೆ ಬಂದು ಕಾಕಾ ನಿಂತರು. ನೆಲದ ಮೇಲೆ ನಾನು ಪಟ್ಟಿ ಅಂಟಿಸಿದ್ದ ಗುರುತು ಇನ್ನೂ ಮಾಸಿರಲಿಲ್ಲ. ಗೋಡೆಯ ಮೇಲೆ ಬಾಣವೂ ಇತ್ತು. ಆದರೂ ಇವರು ಎಡಕ್ಕೆ ಹೊರಟರೆ ನಾನೂ ಎಡಕ್ಕೇ ಹೋಗುವುದು, ಒಂದು ಸುತ್ತು ಹಾಕಿ ಬರುವುದು, ಯಾರ ಗಂಟು ಹೋಗುತ್ತದೆ ಎಂದುಕೊಂಡೆ.

"ಯಾಕಡೆ ಹೋಗೂದ್ರಿ ಕಾಕಾ?" ಎಂದೆ.

ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಟೊಪಿಗೆ ಸರಿಮಾಡಲು ತಲೆಗೆ ಕೈ ಹೋಯಿತು. ಟೊಪಿಗೆ ಇರಲಿಲ್ಲ.

"ಗೊತ್ತಿಲ್ಲವ್ವಾ ನನಗ," ಎಂದರು. "ನೀ ಮುಂದ ನಡಿ."

ಇಡೀ ಜನ್ಮ ಈ ಒಂದು ಮಾತಿಗಾಗಿ ಅವರ ಜೊತೆ ಜಗಳ ಆಡಿದ್ದೆ. ಬಲಕ್ಕೆ ತಿರುಗಿ ಮುಂದೆ ನಡೆದೆ. ಬರುತ್ತಿದ್ದಾರೋ ಇಲ್ಲವೋ ಎಂದು ಮತ್ತೆ ಮತ್ತೆ ತಿರುಗಿ ನೋಡಿದೆ, ನಿಂತೆ, ಮತ್ತೆ ನಡೆದೆ.

"ಡಬ್ಬಿಯಂಗ ಯಾಕ ನಿಂತು ನಿಂತು ನೋಡ್ತಿ? ಬರಾಕತ್ತೇನಿ, ನಡಿ."

ಆಪರೇಷನ್ ಕೋಣೆಯ ಬಾಗಿಲು ಬಂತು. ಇಲ್ಲಿಂದ ಒಳಗೆ ನೀವು ಬರುವ ಹಾಗಿಲ್ಲ ಎಂದಳು ನರ್ಸ್. ನಾನು ಕಾಕಾನ ಕೈ ಬಿಡಲಿಲ್ಲ. "ಒಬ್ಬರ ಹೆಂಗ ಹೋಗ್ತೀರಿ ಕಾಕಾ?" ಎಂದೆ, ಸಣ್ಣ ಹುಡುಗಿಯ ಹಾಗೆ.

ಅವರು ಚಪ್ಪಲಿ ಕಳಚಿ ಗೋಡೆಯ ಪಕ್ಕಕ್ಕೆ ಸರಿಸಿದರು. "ಇರ್ಲಿ ಬಿಡವಾ," ಎಂದರು. "ಒಳಗ ಯಾರನ್ನರ ಕೇಳತೇನಿ."